ಪ್ಲಾಸ್ಟಿಕ್ ಇಸ್ಪೀಟ್ ಎಲೆ: ಕೊಡಗಿನ ಮಳೆಗೂ ಸೈ, ಮೂರೆಲೆ ಲೆಕ್ಕಕ್ಕೂ ಸೈ

ಮೊದಲೇ ಹೇಳಿಬಿಡುತ್ತೇನೆ, ತಗೊಳ್ಳಿ. ಆದರೆ ಬಂದ ತಕ್ಷಣ ಪ್ರತಿ ಎಲೆಯ ಬೆನ್ನನ್ನೂ ಬೆಳಕಿಗೆ ಹಿಡಿದು ನೋಡಿ. ಯಾಕೆ ಅಂತ ಕೆಳಗೆ ಬರೆದಿದ್ದೇನೆ, ಅದು ಸಣ್ಣ ವಿಷಯ ಅಲ್ಲ.

ಇದು ಪೂರ್ತಿ ಪ್ಲಾಸ್ಟಿಕ್ಕಿನ ಎಲೆ, ಪೇಪರ್ ಮೇಲೆ ಪ್ಲಾಸ್ಟಿಕ್ ಬಳಿದದ್ದಲ್ಲ. ಎರಡು ಕಟ್ಟಿನ ಸೆಟ್, ಒಂದರ ಬೆನ್ನು ಕೆಂಪು, ಇನ್ನೊಂದರದ್ದು ನೀಲಿ. ನಾನು ಕೊಟ್ಟಿದ್ದು 420 ರೂಪಾಯಿ. ಪೇಪರ್ ಎಲೆಗೆ ಹೋಲಿಸಿದರೆ ಜಾಸ್ತಿಯೇ. ಆದರೆ ನಮ್ಮ ಮನೆ ಇರುವುದು ನಾಪೋಕ್ಲು ಕಡೆ. ಮಳೆಗಾಲದಲ್ಲಿ ಉಪ್ಪು ನೀರಾಗುವ, ಬೆಲ್ಟು ಚಪ್ಪಲಿಗೆಲ್ಲ ಬಿಳಿ ಬೂಷ್ಟು ಹಿಡಿಯುವ ಜಾಗ. ಜೂನ್‌ನಲ್ಲಿ ಹೊಸ ಪೇಪರ್ ಕಟ್ಟು ಬಿಚ್ಚಿದರೆ ಆಗಸ್ಟ್ ಹೊತ್ತಿಗೆ ಎಲೆಗಳು ಉಬ್ಬಿ, ಒಂದಕ್ಕೊಂದು ಅಂಟಿಕೊಂಡು, ಹಂಚುವಾಗ ಒಂದರ ಜೊತೆ ಎರಡು ಬರುತ್ತವೆ. ಪ್ರತಿ ವರ್ಷ ಇದೇ ಗೋಳು. ಈ ಎಲೆಗೆ ಅದೇನೂ ಆಗಿಲ್ಲ. ಇಡೀ ಮಳೆಗಾಲ ಅಡುಗೆಮನೆ ಪಕ್ಕದ ಮೇಜಿನ ಮೇಲೇ ಇತ್ತು, ಈಗಲೂ ಮೊದಲ ದಿನದ ಹಾಗೆ ಜಾರುತ್ತದೆ.

ಜಾರುವುದೇ ಸ್ವಲ್ಪ ತೊಂದರೆ ಕೂಡ. ಬರೀ ಮೇಜಿನ ಮೇಲೆ ಇಟ್ಟರೆ ಕಟ್ಟು ನಿಲ್ಲುವುದಿಲ್ಲ, ಕೆಳಗೆ ಒಂದು ಟವೆಲ್ ಹಾಸಿಕೊಳ್ಳಬೇಕು. ಹೊಸದರಲ್ಲಿ ಕಲೆಸುವುದಕ್ಕೂ ಕೈ ಕೂರುವುದಿಲ್ಲ, ಬಗ್ಗಿಸಿದರೆ ಸ್ಪ್ರಿಂಗ್ ಥರ ಎಗರುತ್ತದೆ. ಎರಡು ದಿನ ಆಡಿದ ಮೇಲೆ ಸರಿಹೋಯಿತು. ಅಂಕಿಗಳು ದೊಡ್ಡದಾಗಿವೆ, ಕ್ಯಾಂಡಲ್ ಬೆಳಕಲ್ಲೂ ಕಾಣುತ್ತದೆ. ಡಬ್ಬಿ ಮಾತ್ರ ತೀರಾ ತೆಳು, ಒಂದು ವಾರಕ್ಕೆ ಮೂಲೆ ಒಡೆಯಿತು. ಈಗ ಹಳೆ ಬಿಸ್ಕತ್ ಟಿನ್ನಿನಲ್ಲಿ ಇಟ್ಟಿದ್ದೇನೆ.

ಕಲೆ ಹಿಡಿಯುತ್ತದಾ ಅಂತ ತುಂಬಾ ಜನ ಕೇಳುತ್ತಾರೆ. ನಾನು ಪರೀಕ್ಷೆ ಮಾಡಬೇಕಾಗಲಿಲ್ಲ, ತಾನಾಗೇ ಆಯಿತು. ಕಕ್ಕಡ ಅಂದರೆ ನಮ್ಮ ಕೊಡಗಿನ ಜಡಿಮಳೆಯ ತಿಂಗಳು. ಅದರ 18ನೇ ದಿನ ಮದ್ದುಸೊಪ್ಪು ಅನ್ನುವ ಔಷಧಿ ಗಿಡದಿಂದ ಮಾಡಿದ ಪಾಯಸ ಮಾರನೇ ದಿನಕ್ಕೂ ಉಳಿದಿತ್ತು. ಅದರ ಬಣ್ಣ ಗೊತ್ತಲ್ಲ, ಕಡು ನೇರಳೆ, ಬಟ್ಟೆಗೆ ಬಿದ್ದರೆ ಹೋಗುವ ಮಾತೇ ಇಲ್ಲ. ಚಮಚದಿಂದ ಒಂದು ತೊಟ್ಟು ಆಟಿನ್ ರಾಣಿಯ ಮುಖದ ಮೇಲೆ ಬಿತ್ತು. ಯಾರೂ ನೋಡಲಿಲ್ಲ, ಅರ್ಧ ಗಂಟೆ ಹಾಗೇ ಒಣಗಿತು. ಆಮೇಲೆ ಅತ್ತಿಗೆ ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸಿದರು, ರಾಣಿಯ ಕೆನ್ನೆ ಮೊದಲಿನ ಹಾಗೇ ಬೆಳ್ಳಗಾಯಿತು. ಈ ಒಂದು ಕಾರಣಕ್ಕೇ ನಾನು ಒಂದು ಸ್ಟಾರ್ ಜಾಸ್ತಿ ಕೊಡುತ್ತೇನೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ಎಲೆಯನ್ನು ನಾನು ರಮ್ಮಿಗಿಂತ ಜಾಸ್ತಿ ಬಳಸಿದ್ದು ಒಂದು ಲೆಕ್ಕ ತೋರಿಸುವುದಕ್ಕೆ.

ಆ ವಾರ ಭಾಗಮಂಡಲದ ರಸ್ತೆ ಮೇಲೆ ನೀರು ಬಂದಿತ್ತು. ಕರೆಂಟ್ ಹೋಗಿ ಮೂರು ದಿನ, ಇನ್ವರ್ಟರ್ ಕೂಡ ಸತ್ತಿತ್ತು. ಬ್ಯಾಂಕಲ್ಲಿ ಕೆಲಸ ಮಾಡುವ ಗೆಳೆಯ ಊಟಕ್ಕೆ ಅಂತ ಬಂದವನು ವಾಪಸ್ ಹೋಗಲಾಗದೆ ನಮ್ಮಲ್ಲೇ ಉಳಿದಿದ್ದ. ಪಕ್ಕದ ತೋಟದ ಅಣ್ಣಯ್ಯ ಕೊಡೆ ಹಿಡಿದುಕೊಂಡು ಬಂದರು. ಜೊತೆಗೆ ರಿಟೈರ್ ಆದ ನಮ್ಮ ಲೆಕ್ಕದ ಮೇಷ್ಟ್ರು. ಐದನೆಯವರು ಅತ್ತಿಗೆ, ಅಡುಗೆಮನೆಗೂ ಮೇಜಿಗೂ ಓಡಾಡುತ್ತಾ.

ನಾನು ಮೂರು ಎಲೆ ತೆಗೆದೆ: ಇಸ್ಪೀಟ್ ಎಕ್ಕ, ಡೈಮನ್ ನಾಲ್ಕು, ಕಳಾವರ್ ಏಳು. ಕಲೆಸಿ ಬೋರಲಾಗಿ ಇಟ್ಟೆ. ಎಕ್ಕ ಸಿಕ್ಕರೆ ಗೆಲುವು. ಒಬ್ಬರು ಒಂದು ಎಲೆಯ ಮೇಲೆ ಬೆರಳಿಡಬೇಕು, ಎತ್ತಿ ನೋಡುವ ಹಾಗಿಲ್ಲ. ಉಳಿದ ಎರಡನ್ನು ನಾನು ಮಾತ್ರ ನೋಡುತ್ತೇನೆ. ನೋಡಿ, ಎಕ್ಕ ಅಲ್ಲದ ಒಂದನ್ನು ಮಗುಚಿ ತೋರಿಸುತ್ತೇನೆ. ಈಗ ಎರಡು ಎಲೆ ಉಳಿಯಿತು. ಬೆರಳು ಅಲ್ಲೇ ಇಡುತ್ತೀರಾ, ಇನ್ನೊಂದಕ್ಕೆ ಬದಲಿಸುತ್ತೀರಾ?

ಮೇಷ್ಟ್ರು ಒಂದು ಕ್ಷಣವೂ ಯೋಚಿಸಲಿಲ್ಲ. "ಎರಡು ಎಲೆ, ಒಂದರಲ್ಲಿ ಎಕ್ಕ. ಅರ್ಧ ಅರ್ಧ. ಬದಲಿಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಇದರಲ್ಲಿ ಎಂತ ಉಂಟು?"

ಅಲ್ಲ ಮೇಷ್ಟ್ರೇ, ಬದಲಿಸಿದರೆ ಮೂರರಲ್ಲಿ ಎರಡು ಸಲ ಗೆಲ್ಲುತ್ತೀರಿ ಅಂದೆ. ಮೂವರೂ ಒಟ್ಟಿಗೆ ನನ್ನ ಮೇಲೆ ಬಿದ್ದರು.

ಇಲ್ಲೇ ನಾನು ಸುಮ್ನೆ ಮಾತಲ್ಲಿ ಒಂದು ಗಂಟೆ ಕಳೆದೆ. ನೀವು ಹಾಗೆ ಮಾಡಬೇಡಿ. ಈ ಲೆಕ್ಕ ಮಾತಲ್ಲಿ ಇಳಿಯುವುದಿಲ್ಲ. ಆಡಿ ತೋರಿಸೋಣ ಅಂತ ಎರಡು ಸ್ಟೀಲ್ ಲೋಟ ಇಟ್ಟೆ. ಬೆರಳಿಟ್ಟ ಎಲೆಯಲ್ಲೇ ಎಕ್ಕ ಇದ್ದರೆ ಎಡಗಡೆ ಲೋಟಕ್ಕೆ ಒಂದು ಕರಿಮೆಣಸಿನ ಕಾಳು, ಬದಲಿಸಿದ್ದರೆ ಸಿಗುತ್ತಿತ್ತು ಅನ್ನುವುದಾದರೆ ಬಲಗಡೆಗೆ. ಬ್ಯಾಂಕಿನವನು ಬೆರಳಿಡಲು ಕೂತ. ಇಪ್ಪತ್ತು ಸಲ ಆಡಿದೆವು. ಎಡಕ್ಕೆ 11 ಕಾಳು, ಬಲಕ್ಕೆ 9.

ನನಗೆ ದಿಕ್ಕೇ ತೋಚಲಿಲ್ಲ. ಇಪ್ಪತ್ತು ಆಟ ಕಡಿಮೆಯೇ, ಹೆಚ್ಚುಕಮ್ಮಿ ಆಗಬಹುದು, ಅದು ಗೊತ್ತು. ಆದರೂ ಎಲ್ಲೋ ತಪ್ಪಿದೆ ಅನ್ನಿಸಿತು. ಅತ್ತಿಗೆ ಹಿಂದೆ ನಿಂತು ನೋಡುತ್ತಿದ್ದರು. "ಅವನು ಒಂದು ಎಲೆಯನ್ನು ಮುಟ್ಟುವುದೇ ಇಲ್ಲ, ನೋಡಿ" ಅಂದರು. ಗೆಳೆಯನನ್ನು ಕೇಳಿದೆ. ಅವನು ನಿಜ ಹೇಳಿದ. ಒಂದು ಎಲೆಯ ಬೆನ್ನಲ್ಲಿ ಸಣ್ಣ ಬಿಳಿ ಚುಕ್ಕೆ ಇತ್ತು. ಮೂರ್ನಾಲ್ಕು ಆಟ ಆದ ಮೇಲೆ ಅದು ಕಳಾವರ್ ಏಳು ಅಂತ ಅವನಿಗೆ ಗೊತ್ತಾಗಿಬಿಟ್ಟಿತ್ತು, ಆಮೇಲೆ ಕೈ ಆ ಕಡೆ ಹೋಗಲಿಲ್ಲ. ಮೋಸ ಮಾಡಬೇಕು ಅಂತ ಅಲ್ಲ, ಕಣ್ಣಿಗೆ ಬಿದ್ದದ್ದನ್ನು ಮರೆಯುವುದು ಹೇಗೆ?

ಕ್ಯಾಂಡಲ್ ಹತ್ತಿರ ಹಿಡಿದು ನೋಡಿದೆವು. ಬೆನ್ನಿನ ಕೆಂಪು ಬಳ್ಳಿಯ ಚಿತ್ರದಲ್ಲಿ, ಎಡ ಮೂಲೆಯಿಂದ ಒಂದು ಬೆರಳು ಒಳಗೆ, ಸಾಸಿವೆಗಿಂತ ಚಿಕ್ಕ ಚುಕ್ಕೆ. ಅಚ್ಚು ಹಾಕುವಾಗ ಬಣ್ಣ ಬೀಳದೆ ಬಿಟ್ಟ ಜಾಗ. ರಮ್ಮಿಯಲ್ಲಿ ನಮಗೆ ಒಂದು ವಾರ ಗೊತ್ತೇ ಆಗಿರಲಿಲ್ಲ.

ಆ ಚುಕ್ಕೆ ಏನು ಮಾಡಿತು ಅಂತ ನೋಡಿ. ಏಳು ಯಾವುದು ಅಂತ ಗೊತ್ತಿದ್ದರೆ ಮೊದಲ ಬೆರಳೇ ಎರಡು ಎಲೆಯಲ್ಲಿ ಒಂದರ ಮೇಲೆ ಬೀಳುತ್ತದೆ. ಎಕ್ಕ ಅಲ್ಲೇ ಇರುವ ಚಾನ್ಸ್ ಆಗಲೇ ಅರ್ಧ. ಆಗ ಬದಲಿಸಿದರೂ ಅರ್ಧ, ಬಿಟ್ಟರೂ ಅರ್ಧ. ಅಂದರೆ ಮೇಷ್ಟ್ರು ಹೇಳಿದ ಉತ್ತರ ಸರಿ, ಆದರೆ ಚುಕ್ಕೆ ಇರುವ ಕಟ್ಟಿಗೆ! ಯಾರಿಗೆ ಏನು ಗೊತ್ತಿತ್ತು ಅನ್ನುವುದರ ಮೇಲೆಯೇ ಈ ಇಡೀ ಲೆಕ್ಕ ನಿಂತಿದೆ. ಅಷ್ಟು ಹೊತ್ತು ನಾನು ಬಾಯಿ ಬಡಿದುಕೊಂಡರೂ ಹೇಳಲಾಗದ್ದನ್ನು ಒಂದು ಕೆಟ್ಟ ಅಚ್ಚು ಹೇಳಿಕೊಟ್ಟಿತು. ಹಾಗಂತ ಅದು ದೋಷ ಅಲ್ಲ ಅಂತ ಆಗುವುದಿಲ್ಲ. ಮಾರಿದವರಿಗೆ ಬರೆದಾಗ ಮೊದಲು "ಇದು ಡಿಫೆಕ್ಟ್ ಅಲ್ಲ" ಅಂತ ಉತ್ತರ ಬಂತು. ಹತ್ತಿರದಿಂದ ಫೋಟೋ ತೆಗೆದು ಕಳಿಸಿದ ಮೇಲೆ ಬೇರೆ ಕಟ್ಟು ಕೊಟ್ಟರು, ಒಂಬತ್ತು ದಿನ ಹಿಡಿಯಿತು. ದುಡ್ಡು ಕೇಳಲಿಲ್ಲ, ಅದು ಸರಿ. ಆದರೆ ಮೊದಲ ಉತ್ತರ ಬೇಸರ ತಂದಿತು. ಬೆನ್ನಲ್ಲಿ ಗುರುತಿರುವ ಎಲೆ ಎಲೆಯೇ ಅಲ್ಲ, ಅಲ್ವಾ?

ನೀಲಿ ಕಟ್ಟು ತೆಗೆದೆವು. ಈ ಸಲ ಅಣ್ಣಯ್ಯ ಒಂದೊಂದು ಎಲೆಯ ಬೆನ್ನನ್ನೂ ತಾವೇ ನೋಡಿ ಪಾಸ್ ಮಾಡಿದರು.

ಅಣ್ಣಯ್ಯನ ಬಗ್ಗೆ ಒಂದು ಮಾತು ಹೇಳಬೇಕು. ಅವರ ಅಂಗಳದಲ್ಲಿ ಮಳೆ ಅಳೆಯುವ ಡಬ್ಬಿ ಇದೆ. ದಿನಾ ಬೆಳಿಗ್ಗೆ ಎಷ್ಟು ಇಂಚು, ಎಷ್ಟು ಸೆಂಟ್ (ಇಂಚಿನ ನೂರರಲ್ಲೊಂದು ಭಾಗ) ಅಂತ ಪುಸ್ತಕದಲ್ಲಿ ಬರೆಯುತ್ತಾರೆ, ಅವರ ಅಪ್ಪ ಬರೆದ ಪುಸ್ತಕಗಳೂ ಕಪಾಟಿನಲ್ಲಿವೆ. ಯಾರಾದರೂ ಈ ವರ್ಷ ಮಳೆ ಕಡಿಮೆ ಅಂದರೆ ಪುಸ್ತಕ ತೆಗೆಯುತ್ತಾರೆ. ಅಳೆಯದ ಮಾತನ್ನು ಅವರು ನಂಬುವುದಿಲ್ಲ. ನನಗೆ ಅದು ತುಂಬಾ ಇಷ್ಟ.

ಹಾಗಾಗಿ ಅವರನ್ನೇ ಕೇಳಿದೆ. "ಅಣ್ಣಯ್ಯ, ನಾಳೆ ಮಳೆ ಬರುತ್ತದೆ ಅಥವಾ ಬರುವುದಿಲ್ಲ. ಎರಡೇ ದಾರಿ. ಅರ್ಧ ಅರ್ಧ ಅಂತ ಹೇಳ್ತೀರಾ?"

"ಕಕ್ಕಡದಲ್ಲಾ? ಮಂಡೆ ಸರಿ ಉಂಟಾ ನಿಂಗೆ?" ಅಂದರು. ಆಮೇಲೆ ಸುಮ್ಮನಾದರು. ಎರಡು ದಾರಿ ಇದ್ದ ಮಾತ್ರಕ್ಕೆ ಎರಡೂ ಸಮ ಆಗುವುದಿಲ್ಲ ಅನ್ನುವುದು ಅಲ್ಲಿಗೆ ಒಪ್ಪಿಗೆ ಆಯಿತು. ಎಲೆಯ ವಿಷಯದಲ್ಲಿ ಅಲ್ಲ, ಮಳೆಯ ವಿಷಯದಲ್ಲಿ.

ಆಮೇಲೆ ಇಡೀ ಕಟ್ಟು ಹಿಡಿದೆ. 52 ಎಲೆಯಲ್ಲಿ ಒಂದನ್ನು ಅಣ್ಣಯ್ಯ ನೋಡದೆ ತೆಗೆದು ಟವೆಲ್ ಮೇಲೆ ಬೋರಲು ಇಟ್ಟುಕೊಂಡರು. ಉಳಿದ 51ನ್ನು ನಾನು ಕೈಯಲ್ಲಿ ಬಿಡಿಸಿ ನೋಡಿದೆ, ಒಂದನ್ನು ಬೋರಲು ಬಿಟ್ಟು ಮಿಕ್ಕ 50ನ್ನು ಒಂದೊಂದಾಗಿ ಮೇಜಿನ ಮೇಲೆ ಹಾಕುತ್ತಾ ಹೋದೆ. ರಾಜ, ಗುಲಾಮ, ಮೂರು, ಒಂಬತ್ತು... ಇಸ್ಪೀಟ್ ಎಕ್ಕ ಎಲ್ಲೂ ಇಲ್ಲ. ಕೊನೆಗೆ ಎರಡೇ ಎಲೆ. ಒಂದು ಅವರದು, ಒಂದು ನನ್ನದು. "ಈಗ ಹೇಳಿ, ಅರ್ಧ ಅರ್ಧವಾ?"

ಬ್ಯಾಂಕಿನವನು ಜೋರಾಗಿ "ಅಯ್ಯೋ, ಇಲ್ಲ ಮಾರಾಯ" ಅಂದ. ನೂರಾರು ಲೆಕ್ಕಪತ್ರ ನೋಡುವವನು, ಅವನಿಗೆ ಅಲ್ಲಿಗೆ ಹೊಳೆಯಿತು. ಮೊದಲು ತೆಗೆದ ಒಂದೇ ಎಲೆಯಲ್ಲಿ ಎಕ್ಕ ಸಿಕ್ಕಿರುವುದು 52ರಲ್ಲಿ ಒಂದು ಸಲ. ಮಿಕ್ಕ 51 ಸಲ ನಾನು ಬಿಟ್ಟ ಎಲೆಯೇ ಎಕ್ಕ, ಯಾಕೆಂದರೆ ನಾನು ನೋಡಿಕೊಂಡು ಬಿಟ್ಟಿದ್ದೇನೆ.

ಮೇಷ್ಟ್ರು ಒಪ್ಪಲಿಲ್ಲ. "ಅದು 52ಕ್ಕೆ. ಮೂರಕ್ಕೆ ಬೇರೆ." ಇದು ಎಲ್ಲರೂ ಹೇಳುವ ಮಾತು, ಇದಕ್ಕೆ ರೆಡಿ ಇರಿ. ನಾನು ಮೆಟ್ಟಿಲು ಇಳಿದ ಹಾಗೆ ಇಳಿಸಿದೆ. ಹತ್ತು ಎಲೆಯಲ್ಲಿ ಆಡಿದರೆ ಬದಲಿಸುವವರಿಗೆ ಹತ್ತರಲ್ಲಿ ಒಂಬತ್ತು. ಐದರಲ್ಲಿ ಆಡಿದರೆ ಐದರಲ್ಲಿ ನಾಲ್ಕು. ನಾಲ್ಕರಲ್ಲಿ ಮೂರು. ಮೂರರಲ್ಲಿ? ಯಾವ ಮೆಟ್ಟಿಲಲ್ಲಿ ಲೆಕ್ಕ ಮುರಿಯುತ್ತದೆ, ಹೇಳಿ ಮೇಷ್ಟ್ರೇ ಅಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಉತ್ತರ ಕೊಡಲಿಲ್ಲ.

ಅಷ್ಟರಲ್ಲಿ ಅತ್ತಿಗೆ ಕಾಫಿ ತಂದಿಟ್ಟು ಒಂದೇ ಮಾತಲ್ಲಿ ಮುಗಿಸಿದರು. "ಇದಕ್ಕೆ ಇಷ್ಟೆಲ್ಲಾ ಯಾಕೆ? ನಿನ್ನ ಒಂದು ಎಲೆ ಕೊಡು, ಆ ಎರಡೂ ಎಲೆ ತಗೋ ಅಂದ್ರೆ ಯಾರಾದ್ರೂ ಬೇಡ ಅಂತಾರಾ?" ನನ್ನ ಪ್ರಕಾರ ಇದಕ್ಕಿಂತ ಒಳ್ಳೆ ವಿವರಣೆ ಇಲ್ಲ. ಬದಲಿಸುವುದು ಅಂದರೆ ಒಂದು ಕೊಟ್ಟು ಎರಡು ತಗೊಂಡ ಹಾಗೆ. ಆ ಎರಡರಲ್ಲಿ ಒಂದಾದರೂ ಎಕ್ಕ ಅಲ್ಲದ್ದು ಇದ್ದೇ ಇರುತ್ತದೆ, ಇದು ಎಲೆ ಮಗುಚುವ ಮೊದಲೇ ಎಲ್ಲರಿಗೂ ಗೊತ್ತು. ಗೊತ್ತಿರುವುದನ್ನೇ ನಾನು ಮಗುಚಿ ತೋರಿಸುತ್ತೇನೆ. ಅದರಿಂದ ನಿಮ್ಮ ಬೆರಳಿನ ಕೆಳಗಿನ ಎಲೆಗೆ ಏನೂ ಆಗುವುದಿಲ್ಲ, ಅದು ಮೂರರಲ್ಲಿ ಒಂದಾಗಿಯೇ ಉಳಿಯುತ್ತದೆ.

ಆದರೂ ಅಣ್ಣಯ್ಯನಿಗೆ ಅಳತೆ ಬೇಕಿತ್ತು. ನೀಲಿ ಕಟ್ಟಿನ ಮೂರು ಎಲೆ, ಅವರದೇ ಬೆರಳು, 60 ಆಟ. ಮಳೆ ಹಂಚಿನ ಮೇಲೆ ಬಡಿಯುತ್ತಿತ್ತು, ಕಾಳು ಲೋಟಕ್ಕೆ ಬೀಳುವ ಸದ್ದು ಕೇಳಿಸುತ್ತಿರಲಿಲ್ಲ. ಮೂವತ್ತು ಆಗುವಷ್ಟರಲ್ಲೇ ಬಲಗಡೆ ಲೋಟದ ತಳ ಮುಚ್ಚಿತ್ತು, ಎಡಗಡೆಯದರಲ್ಲಿ ಸ್ಟೀಲ್ ಕಾಣುತ್ತಿತ್ತು. ಮುಗಿದ ಮೇಲೆ ಅಣ್ಣಯ್ಯ ಎರಡನ್ನೂ ಟವೆಲ್ ಮೇಲೆ ಸುರಿದು ಐದೈದಾಗಿ ಎಣಿಸಿದರು. ಎಡ 22, ಬಲ 38. ಇನ್ನೊಂದು ಸಲ ಎಣಿಸಿದರು. ಜೇಬಿಂದ ಪೆನ್ನು ತೆಗೆದು ಚೀಟಿ ಮೇಲೆ ಬರೆದುಕೊಂಡರು.

ಮೇಷ್ಟ್ರ ಪ್ರಶ್ನೆ ಆಗ ಬಂತು, ಅದು ಒಳ್ಳೆ ಪ್ರಶ್ನೆ. "ನೀನು ಎಲೆ ನೋಡದೆ ಸುಮ್ನೆ ಒಂದನ್ನು ಮಗುಚಿದ್ದರೆ?" ಅದನ್ನೂ ಆಡಿದೆವು, ಇನ್ನೊಂದು 60. ನೋಡದೆ ಮಗುಚಿದಾಗ 19 ಸಲ ಎಕ್ಕವೇ ಎದ್ದುಬಂತು, ಆ ಆಟಗಳನ್ನು ಬಿಟ್ಟೆವು. ಉಳಿದ 41ರಲ್ಲಿ ಎಡಕ್ಕೆ 20, ಬಲಕ್ಕೆ 21. ಅರ್ಧ ಅರ್ಧ! ಮೇಷ್ಟ್ರ ಮುಖ ಅರಳಿತು. ಅವರ ಲೆಕ್ಕ ಸುಳ್ಳಲ್ಲ, ಅದು ಈ ಆಟದ್ದು. ಹಂಚುವವನಿಗೆ ಗೊತ್ತಿಲ್ಲದಿದ್ದರೆ ಅರ್ಧ, ಗೊತ್ತಿದ್ದು ಬೇಕಂತಲೇ ಎಕ್ಕ ಬಿಟ್ಟು ಮಗುಚಿದರೆ ಮೂರರಲ್ಲಿ ಎರಡು. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತದೆ. ಅದಕ್ಕೇ ಬುದ್ಧಿವಂತರೇ ಇದರಲ್ಲಿ ಜಾಸ್ತಿ ಜಗಳ ಆಡುವುದು.

ನಿಮ್ಮ ಮನೆಯಲ್ಲಿ ಆಡಿಸುವುದಾದರೆ ಮೊದಲೇ ನಿಯಮ ಬಾಯಿಬಿಟ್ಟು ಹೇಳಿ. ಹಂಚುವವನು ಎಲೆ ನೋಡುತ್ತಾನೆ, ಪ್ರತಿ ಸಲವೂ ಎಕ್ಕ ಅಲ್ಲದ್ದನ್ನೇ ಮಗುಚುತ್ತಾನೆ, ಪ್ರತಿ ಸಲವೂ ಬದಲಿಸುವ ಅವಕಾಶ ಕೊಡುತ್ತಾನೆ. ಬೆರಳು ಎಕ್ಕದ ಮೇಲೇ ಇದ್ದವರಿಗೆ ಮಾತ್ರ ಅವಕಾಶ ಕೊಟ್ಟರೆ ಲೆಕ್ಕವೇ ಬೇರೆ. ಈ ಒಗಟಿಗೆ ಹೆಸರು ಬಂದಿದ್ದು ಮಾಂಟಿ ಹಾಲ್ ಅವರಿಂದ, ಅಮೆರಿಕದಲ್ಲಿ 1963ರಲ್ಲಿ ಶುರುವಾದ ಟಿವಿ ಆಟವೊಂದನ್ನು ನಡೆಸುತ್ತಿದ್ದವರು. ಹೀಗೆ ಪ್ರತಿ ಸಲ ಅವಕಾಶ ಕೊಡಲೇಬೇಕು ಅನ್ನುವ ಕಟ್ಟುಪಾಡು ಅವರಿಗೇ ಇರಲಿಲ್ಲ. ಸ್ಟೀವ್ ಸೆಲ್ವಿನ್ ಅನ್ನುವ ಸಂಖ್ಯಾಶಾಸ್ತ್ರಜ್ಞ 1975ರಲ್ಲಿ ಇದನ್ನು ಮೂರು ಪೆಟ್ಟಿಗೆಯ ಲೆಕ್ಕ ಮಾಡಿ ಒಂದು ಪತ್ರಿಕೆಗೆ ಬರೆದರು.

ಮೇಷ್ಟ್ರಿಗೆ ಇನ್ನೊಂದು ವಿಷಯ ಹೇಳಿದೆ, ಅವರಿಗೆ ಬೇಜಾರಾಗಬಾರದು ಅಂತ. 1990ರಲ್ಲಿ ಮ್ಯಾರಿಲಿನ್ ವೊಸ್ ಸವಾಂಟ್ ಅನ್ನುವ ಅಂಕಣಕಾರ್ತಿ ಇದೇ ಲೆಕ್ಕಕ್ಕೆ ಬದಲಿಸಿ ಅಂತ ಸರಿಯಾದ ಉತ್ತರ ಕೊಟ್ಟರು. ಅಲ್ಲಿ ಎಲೆ ಬದಲು ಬಾಗಿಲು, ಒಂದರ ಹಿಂದೆ ಕಾರು, ಎರಡರ ಹಿಂದೆ ಆಡು. ಸುಮಾರು 10,000 ಪತ್ರ ಬಂದವಂತೆ, ಹೆಚ್ಚಿನವು ನೀವು ತಪ್ಪು ಅಂತ. ಅದರಲ್ಲಿ ಹತ್ತಿರ ಹತ್ತಿರ ಸಾವಿರ ಪಿಎಚ್‌ಡಿ ಆದವರದ್ದು. ಆಕೆ ವಾದ ಮಾಡಿ ಮಾಡಿ ಕೊನೆಗೆ ಶಾಲೆಯ ಮಕ್ಕಳಿಗೆ ತರಗತಿಯಲ್ಲಿ ಆಡಿ ನೋಡಿ ಅಂದರು. ಮಕ್ಕಳು ಆಡಿದರು, ಎಣಿಸಿದರು, ಸರಿ ಅಂತ ಬರೆದರು. ಪಾಲ್ ಎರ್ಡಿಶ್ ಅಂಥ ದೊಡ್ಡ ಗಣಿತಜ್ಞ ಕೂಡ ಗೆಳೆಯರೊಬ್ಬರು ಕಂಪ್ಯೂಟರಿನಲ್ಲಿ ಮತ್ತೆ ಮತ್ತೆ ಆಡಿಸಿ ತೋರಿಸುವವರೆಗೂ ಒಪ್ಪಿರಲಿಲ್ಲ. "ಎರ್ಡಿಶ್ಶಾ?" ಅಂತ ಮೇಷ್ಟ್ರು ಎರಡು ಸಲ ಕೇಳಿದರು.

ಪಾರಿವಾಳದ ವಿಷಯ ಮಾತ್ರ ಅವತ್ತು ಬಾಯಿಬಿಡಲಿಲ್ಲ. 2010ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಪಾರಿವಾಳಗಳು ಇದೇ ಆಟ ಆಡುತ್ತಾ ಆಡುತ್ತಾ ಬದಲಿಸುವುದನ್ನೇ ಕಲಿತವು, ಮನುಷ್ಯರು ಅಷ್ಟು ಚೆನ್ನಾಗಿ ಕಲಿಯಲಿಲ್ಲ. ಒಪ್ಪದೆ ಕೂತಿರುವವರ ಮುಂದೆ ಇದನ್ನು ಹೇಳಬೇಡಿ. ಹಿರಿಯರಿಗೆ ನೋವಾಗುತ್ತದೆ, ಆಮೇಲೆ ಅವರು ಎಲೆಯನ್ನೇ ಮುಟ್ಟುವುದಿಲ್ಲ.

ಮಾರನೇ ದಿನ ಅಣ್ಣಯ್ಯನ ಮನೆಗೆ ಹೋಗಿದ್ದೆ. ಮಳೆ ಪುಸ್ತಕ ತೆರೆದಿತ್ತು. ಆ ದಿನದ ಸಾಲಿನಲ್ಲಿ 4 ಇಂಚು 15 ಸೆಂಟ್. ಅದರ ಪಕ್ಕ ಸಣ್ಣ ಅಕ್ಷರದಲ್ಲಿ 22, 38. ನಾನು ಏನೂ ಕೇಳಲಿಲ್ಲ.

ಈಗ ಎಲೆಯ ಬಗ್ಗೆ ಉಳಿದದ್ದು. ಪ್ರತಿ ಕಟ್ಟಿನಲ್ಲಿ ಎರಡು ಜೋಕರ್ ಇವೆ. ನಾಲ್ಕೂ ಜಾತಿಯ ಎಲೆಯ ಬಣ್ಣ ಚೆನ್ನಾಗಿದೆ, ಡೈಮನ್ ಮತ್ತು ಆಟಿನ್ ಕೆಂಪು ಸ್ವಲ್ಪ ಬೇರೆ ಬೇರೆ ಇದ್ದಿದ್ದರೆ ವಯಸ್ಸಾದವರಿಗೆ ಅನುಕೂಲ ಆಗುತ್ತಿತ್ತು. ಮೊದಲ ದಿನ ಪ್ಲಾಸ್ಟಿಕ್ ವಾಸನೆ ಬರುತ್ತದೆ, ಗಾಳಿಗೆ ಹರಡಿಟ್ಟರೆ ಹೋಗುತ್ತದೆ. ಸೋಪು ಹಾಕಬೇಡಿ, ಒದ್ದೆ ಬಟ್ಟೆ ಸಾಕು. ಒಲೆಯ ಹತ್ತಿರ ಒಣಗಿಸಲು ಇಡಬೇಡಿ, ನನ್ನ ಒಂದು ಜೋಕರ್ ಹಾಗೇ ಸೊಟ್ಟಗಾಗಿದೆ. ಐದರಲ್ಲಿ ನಾಲ್ಕು ಸ್ಟಾರ್. ಕಡಿಮೆ ಮಾಡಿದ ಒಂದು ಆ ಚುಕ್ಕೆಗೆ ಮತ್ತು ಅವರ ಮೊದಲ ಉತ್ತರಕ್ಕೆ.

ಬದಲಿಗೆ ಬಂದ ಕೆಂಪು ಕಟ್ಟು ಚೆನ್ನಾಗಿದೆ, ನೋಡಿದ್ದೇನೆ. ಚುಕ್ಕೆ ಇರುವ ಹಳೆಯ ಏಳನ್ನು ಎಸೆಯಲಿಲ್ಲ. ಮೇಷ್ಟ್ರು ಕೇಳಿ ತಗೊಂಡು ಹೋದರು, ಜೊತೆಗೆ ಎರಡು ಎಲೆ. ಮೊಮ್ಮಗಳು ಮೈಸೂರಿಂದ ಬರುತ್ತಾಳಂತೆ.